ಹಿಮ್ಮಡಿಯ ಗಾಯಕ್ಕೆ ಗಾಳಿ

ನಮ್ಮಣ್ಣ ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ. ಸಕ್ಕರೆ ಕಾಯಿಲೆ ಇತ್ತು, ಬೀಡಿ ಚಟ ಅದಕ್ಕಿಂತ ಹಳೆಯದು. ಹಿಮ್ಮಡಿಯಲ್ಲಿ ಎದ್ದ ಗುಳ್ಳೆ ಒಡೆದು ಗಾಯವಾಯಿತು. ಮಳೆಗಾಲ ಕಳೆದು ಚಳಿ ಬಂದರೂ ಮಾಯಲಿಲ್ಲ. ಮಸ್ಕಿಯಿಂದ ನಾನೇ ಹೋಗಿ, ಬಾಯಿಗೆ ಬಂದಂತೆ ಬೈದು, ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

ಡಾಕ್ಟರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. "ಗಾಯ ಮಾಯಬೇಕಂದ್ರ ಅದಕ್ಕ ಆಕ್ಸಿಜನ್ ಬೇಕ್ರಿ. ಅದನ್ನ ರಕ್ತ ಹೊತ್ತು ತರಬೇಕು. ನಿಮ್ಮ ಕಾಲಿನ ರಕ್ತನಾಳ ಕಟ್ಕೊಂಡಾವ. ಬೀಡಿ ಬಿಡ್ರಿ, ಲಗೂನ ರಾಯಚೂರಿಗೆ ಹೋಗಿ ತೋರಿಸ್ರಿ" ಎಂದರು.

ಅಣ್ಣನ ಕಿವಿಗೆ ಬಿದ್ದದ್ದು ಆಕ್ಸಿಜನ್ ಒಂದೇ. ಹೊರಗೆ ಬಂದವನೇ ಬೀಡಿ ಹಚ್ಚಿದ. "ಗಾಳಿ ಬೇಕಂತಲ್ಲ ತಂಗಿ, ಅಷ್ಟ. ಹಸಿ ಭತ್ತ ಚೀಲದಾಗ ಕಟ್ಟಿಟ್ರ ಮುಗ್ಗ ಹಿಡಿತೈತಿ. ಹರವಿ ಗಾಳಿಗೆ ಬಿಟ್ರ ಒಣಗತೈತಿ. ಇದೂ ಹಂಗ."

"ನಿನ್ನ ತಲ್ಯಾಗ ಏನ್ ಹೊಟ್ಟು ತುಂಬೈತೋ ಅಣ್ಣಾ! ಮ್ಯಾಲಿಂದ ಅಲ್ಲ, ಒಳಗಿಂದ ಬರಬೇಕು ಅಂದ್ರು ಅವರು!" ರಸ್ತೆಯಲ್ಲೇ ಕೂಗಾಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಗಾಯಕ್ಕೆ ಕಟ್ಟಿದ್ದ ಪಟ್ಟಿ ಬಿಚ್ಚಿ ಎಸೆದ. ಊಟದ ಹೊತ್ತಿಗೆ, ಭತ್ತದ ಹೊಟ್ಟು ಹಾರಿಸುವ ದೊಡ್ಡ ಫ್ಯಾನಿನ ಮುಂದೆ ಕಾಲು ಚಾಚಿ ಕೂರುತ್ತಿದ್ದ. ಆಟೋದಲ್ಲಿ ಹಿಂದೆ ಕೂತು ಬರಿಗಾಲು ಹೊರಗೆ ಬಿಡುತ್ತಿದ್ದ. ಗಿರಣಿಯವರೆಲ್ಲ ಹೌದೌದೆಂದು ತಲೆಯಾಡಿಸಿದರು. ರಾಯಚೂರಿನ ಮಾತು ತೆಗೆದರೆ ಮುಖ ತಿರುವುತ್ತಿದ್ದ.

ಒಂದು ಬೆಳಿಗ್ಗೆ ಅವನದೇ ಫೋನು. "ಒಣಗೈತಿ! ನೋಡ ಬಾ!"

ನನಗೂ ಹೋದ ಜೀವ ಬಂದಂತಾಯಿತು. ದೇವರಿಗೆ ಕೈಮುಗಿದು ಬಸ್ಸು ಹತ್ತಿದೆ. ಗಾಯ ನಿಜಕ್ಕೂ ಒಣಗಿತ್ತು. ಕೀವಿಲ್ಲ, ನಾತವಿಲ್ಲ. ಹಿಮ್ಮಡಿಯಿಂದ ಬೆರಳಿನ ತನಕ ಪಾದ ಕರ್ರಗಾಗಿತ್ತು. ಮುಟ್ಟಿದೆ, ತಣ್ಣಗೆ ಕೊರೆಯಿತು. ಅಯ್ಯೋ ಶಿವನೇ ಅಂದುಕೊಂಡು ಆಟೋ ಕರೆದೆ.

ಅದೇ ಡಾಕ್ಟರ ಮುಂದೆ ಅಣ್ಣ ಹೆಮ್ಮೆಯಿಂದ ಕಾಲು ಚಾಚಿದ. ಅವರು ಪಾದದ ಮೇಲೆ ಮತ್ತೆ ಬೆರಳಿಟ್ಟು ನಾಡಿ ಹುಡುಕಿದರು.

"ಇದು ಮಾಯ್ದಿಲ್ರಿ, ಸತ್ತೈತಿ. ಮೊಣಕಾಲ ಕೆಳಗ ತೆಗೀಬೇಕು. ತಡ ಮಾಡಿದ್ರ ಜೀವಕ್ಕ ಬರತೈತಿ."

ಅಣ್ಣ ನಕ್ಕ. ಆಮೇಲೆ ನನ್ನ ಮುಖ ನೋಡಿದ. ನಾನು ಬೈಯಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು. ಡಾಕ್ಟರ ಎರಡೂ ಕೈ ಹಿಡಿದುಕೊಂಡ.

"ಈಗ ನೋವ ಇಲ್ಲಲ್ರಿ ಸಾಹೇಬ್ರ. ನೋವಿಲ್ಲದ ಕಾಲು ಯಾಕ ಕಡೀತೀರಿ?"