ಒಂದೇ ಟ್ರೆಂಚಿನ ಎರಡು ಕೇಬಲ್

ನಿವೃತ್ತಿಗೆ ಇನ್ನೆರಡು ವರ್ಷ ಇದ್ದಾಗ, ವಿಜಯಪುರದವನಾದ ನಾನು ಪುಣೆಯ ಒಂದು ಟೆಲಿಕಾಂ ಕಂಪೆನಿಯಲ್ಲಿ ಟ್ರಾನ್ಸ್‌ಮಿಷನ್ ವಿಭಾಗದ ಮುಖ್ಯಸ್ಥನಾಗಿದ್ದೆ. 5ಜಿ ಆಗಷ್ಟೇ ಬಂದು ಊರೆಲ್ಲ ಅದರದೇ ಜಾಹೀರಾತು. ಟವರ್ ಗಾಳಿಯಲ್ಲೇ ಎಲ್ಲ ಮುಗಿಸುತ್ತದೆ ಎಂದು ಜನ ತಿಳಿಯುತ್ತಾರೆ; ಅದರ ಜೀವವಿರುವುದು ನೆಲದೊಳಗಿನ ಫೈಬರ್ ಕೇಬಲ್‌ನಲ್ಲಿ. ಅದಕ್ಕೇ ಪ್ರತಿ ಟವರಿಗೂ ಎರಡು ದಾರಿ ಇಡುತ್ತೇವೆ. ಒಂದು ತುಂಡಾದರೆ ಇನ್ನೊಂದು ಕೈಹಿಡಿಯಬೇಕು.

ಪುಣೆ ಹತ್ತಿರದ ರಾಂಜಣಗಾಂವದ ಕಡೆಗೆ ನಮ್ಮದೊಂದು ಕೇಬಲ್, ಪ್ರತಿಸ್ಪರ್ಧಿ ಕಂಪೆನಿಯದೊಂದು. ನಮ್ಮ ಧಂದೆಯಲ್ಲಿ ಒಂದು ರೂಢಿ ಇದೆ: ಎರಡನೇ ದಾರಿ ಅಗೆಯುವ ತಾಪತ್ರಯ ಬೇಡವೆಂದು ನಮ್ಮ ಕೇಬಲ್ಲಿನ ಕೆಲವು ಎಳೆ ಅವರಿಗೆ ಕೊಟ್ಟು, ಅವರ ಕೆಲವನ್ನು ನಾವು ಪಡೆಯುವುದು. ನಕಾಶೆಯಲ್ಲಿ ಕೆಂಪು ಗೆರೆ, ನೀಲಿ ಗೆರೆ, ನೋಡಲು ಬಲು ಚೆಂದ. ಆದರೆ ರಸ್ತೆ ಅಗೆಯಲು ಅನುಮತಿ ಸಿಕ್ಕಿದ್ದು ಒಂದೇ ಸಲ. ಎರಡೂ ಕಂಪೆನಿಯವರು ಸೇರಿ ಒಂದೇ ಟ್ರೆಂಚ್ ತೋಡಿಸಿ ಎರಡೂ ಕೇಬಲ್ ಅದರಲ್ಲೇ ಮಲಗಿಸಿದ್ದರು. ಬೇರೆ ದಾರಿ ಬೇಕೆಂದು ಸಭೆಯಲ್ಲಿ ನಾನು ಗಂಟಲು ಹರಿದುಕೊಂಡಾಗಲೆಲ್ಲ ಮೇಲಿನವರು ಆ ಎರಡು ಗೆರೆ ತೋರಿಸಿ ಕೂರಿಸುತ್ತಿದ್ದರು.

ಬೇಸಿಗೆಯ ಒಂದು ಮಧ್ಯಾಹ್ನ ರಸ್ತೆ ಅಗಲೀಕರಣದ ಜೆಸಿಬಿ ಆ ಟ್ರೆಂಚಿಗೇ ಬಾಯಿ ಹಾಕಿತು. ನಮ್ಮ ಪರದೆಯ ಮೇಲೆ ರಾಂಜಣಗಾಂವದ ಟವರುಗಳೆಲ್ಲ ಕೆಂಪಾದವು. ಪ್ರತಿಸ್ಪರ್ಧಿ ಕಂಪೆನಿಯ ಎಂಜಿನಿಯರ್, ಮೈಸೂರಿನ ಮಹೇಶನಿಗೆ ಫೋನ್ ಮಾಡಿ, ನಮ್ಮ ಬ್ಯಾಕಪ್ ಏನಾಯಿತೆಂದು ರೇಗಿದೆ.

“ಸರ್, ನಮ್ದೂ ಫುಲ್ ಡೌನ್. ನಮ್ ಬ್ಯಾಕಪ್ ಇರೋದೇ ನಿಮ್ ಕೇಬಲ್‌ನಲ್ಲಿ ಅಲ್ವಾ?” ಎಂದ.

ಕೇಬಲ್ ಜೋಡಿಸುವ ತಂಡದ ಜೊತೆ ನಾನೇ ಹೊರಟೆ. ಕೂದಲಿನಂಥ ಗಾಜಿನ ಎಳೆಗಳನ್ನು ಒಂದೊಂದಾಗಿ ಬೆಸೆದು ಮುಗಿಸುವಾಗ ಸಂಜೆಯಾಗಿತ್ತು. ಚಹಾಕ್ಕೆಂದು ಅಲ್ಲೇ ಹತ್ತಿರವಿದ್ದ, ಕುಂದಾಪುರ ಮೂಲದ ಶೇಖರ ಶೆಟ್ಟರ ಹೋಟೆಲಿಗೆ ಹೋದೆ. ಆ ಕಡೆ ಕೆಲಸವಿದ್ದಾಗಲೆಲ್ಲ ನನ್ನ ಊಟ ಅಲ್ಲೇ. ಬಾಗಿಲು ಅರ್ಧ ಮುಚ್ಚಿತ್ತು. ಮಧ್ಯಾಹ್ನ ಗಲ್ಲಾದಲ್ಲಿ ಕೂತಿದ್ದ ಅವರ ಅಣ್ಣ ಎದೆ ಹಿಡಿದು ಕುಸಿದಿದ್ದರು. ಅಲ್ಲಿ ಸಿಗ್ನಲ್ ಇದ್ದದ್ದೇ ನಮ್ಮ ಎರಡು ಕಂಪೆನಿಯದು; ಯಾರ ಫೋನಿನಿಂದಲೂ ಆಂಬುಲೆನ್ಸಿಗೆ ಕರೆ ಹೋಗಲಿಲ್ಲ. ತರಕಾರಿ ಟೆಂಪೋದಲ್ಲಿ ಮಲಗಿಸಿಕೊಂಡು ಓಡಿದರೂ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಹೆಣ ಊರಿಗೆ ಒಯ್ಯಲು ಗಾಡಿ ಕಾಯುತ್ತ ಶೆಟ್ಟರು ಒಬ್ಬರೇ ಒಳಗೆ ಕೂತಿದ್ದರು.

“ಒಂದು ಹೋದ್ರೆ ಇನ್ನೊಂದು ಇರ್ಲಿ ಅಂತ ಎರಡು ಕಂಪೆನಿದ್ದು ಸಿಮ್ ಇಟ್ಕೊಂಡಿದ್ದೆ ಮಾರಾಯ್ರೆ,” ಎಂದರು. “ಎರಡೂ ಒಟ್ಟಿಗೆ ಹೋಗುದು ಹೇಗೆ?”

“ಎರಡೂ ಕೇಬಲ್ ಒಂದ ಕಡೆ ಅದಾವ್ರಿ ಶೆಟ್ರ.”

ಅವರು ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟರು. “ಈಗ ಆದ್ರೂ ಬೇರೆ ಬೇರೆ ಹಾಕಿದ್ರಾ?”

“ಇಲ್ರಿ. ಅದ ಜಾಗಾದಾಗ ಮುಚ್ಚಿ ಬಂದೀವಿ.”

ಶೆಟ್ಟರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಬೇಗ ಸರಿಪಡಿಸಿದ್ದಕ್ಕೆ ಕಂಪೆನಿಯವರು ನಮ್ಮ ತಂಡವನ್ನು ಹೊಗಳಿದರು. ನನಗೆ ಸಿಟ್ಟು ನೆತ್ತಿಗೇರಿತು, ದುಃಖವೂ ಆಯಿತು. ದಾರಿ ಎಷ್ಟಿವೆ ಎಂದು ಲೆಕ್ಕ ಹಾಕಿದರೆ ಸಾಲದು, ಅವು ಎಲ್ಲಿ ಒಂದಾಗುತ್ತವೆ ಎಂದು ನಡೆದು ನೋಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಬೇರೆ ದಾರಿಗೆ ಮಂಜೂರಾತಿ ಸಿಗದೆಯೇ ನಾನು ನಿವೃತ್ತನಾದೆ. ಮೊನ್ನೆ ಮಹೇಶ ಸಿಕ್ಕಾಗ ಕೇಳಿದೆ: ಎರಡೂ ಕೇಬಲ್ ಇನ್ನೂ ಅಲ್ಲೇ ಇವೆಯಂತೆ.