ನೂರು ಕಿಲೋ ಹುಡುಕಿಕೊಂಡು ಜಗಳೂರಿಗೆ

ಹೊನ್ನಾಳಿಯ ಖಾಸಗಿ ಬಸ್ಸು ಹತ್ತುವಾಗ ನನ್ನ ಚೀಲದಲ್ಲಿ ಬುತ್ತಿ, ನೀರಿನ ಬಾಟಲಿ ಮತ್ತು ಇಪ್ಪತ್ತು ಕಿಲೋ ಎಂದು ಸುಳ್ಳು ಹೇಳುವ ಒಂದು ಕಬ್ಬಿಣದ ಪ್ಲೇಟು ಇದ್ದವು. ಕಂಡಕ್ಟರ್ ಅದನ್ನು ಕಾಲಲ್ಲಿ ತಳ್ಳಿ ನೋಡಿ, ನನಗೆ ಅರವತ್ತು ರೂಪಾಯಿ, ಚೀಲಕ್ಕೆ ಇಪ್ಪತ್ತು ಎಂದ. ಕೊಟ್ಟೆ. ಆ ಬೆಳಿಗ್ಗೆ ನನ್ನ ಸಿಟ್ಟು ಅವನ ಮೇಲಿರಲಿಲ್ಲ.

ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ ತೂಕ ಬರೆಯುವುದು ನನ್ನ ಕೆಲಸ. ನಲವತ್ತು ದಾಟಿದ ಮೇಲೆ ಸೊಂಟನೋವಿಗೆಂದು ಹಿಡಿದ ಭಾರ ಎತ್ತುವ ಅಭ್ಯಾಸ ಹುಚ್ಚಾಗಿ ಬೆಳೆದು, ಮನೆಯ ಹಿಂದಿನ ಶೆಡ್ಡು ಈಗ ನನ್ನ ಜಿಮ್ಮು. ಕಳೆದ ತಿಂಗಳು ನೆಲದಿಂದ ನೂರು ಕಿಲೋ ಎತ್ತಿದೆ. ಮಂಡಿಗೆಲ್ಲ ಪೇಡೆ ಹಂಚಿದೆ. "ಅಕ್ಕಾ, ಒಂದ್ಸಲ ತಂದು ತೂಗ್ರಲ್ಲ" ಎಂದು ಹಮಾಲರು ಕೆಣಕಿದ್ದಕ್ಕೆ ಇಪ್ಪತ್ತರ ನಾಲ್ಕೂ ಪ್ಲೇಟುಗಳನ್ನೂ ಇಪ್ಪತ್ತು ಕಿಲೋದ ಸರಳನ್ನೂ ಆಟೋದಲ್ಲಿ ತಂದು ನಮ್ಮ ತಕ್ಕಡಿಗೇ ಏರಿಸಿದೆ. ಪ್ಲೇಟು ಒಂದೂ ಹದಿನೆಂಟು ಮುಟ್ಟಲಿಲ್ಲ. ನನ್ನ ನೂರು ತೊಂಬತ್ತೊಂದಾಗಿತ್ತು. ಪೇಡೆ ತಿಂದ ಬಾಯಲ್ಲೇ ಎಲ್ಲರೂ ನಕ್ಕರು. ನಗು ಹೋಗಲಿ, ನನ್ನ ಒಂಬತ್ತು ಕಿಲೋ ಯಾರೋ ಕದ್ದಿದ್ದರು. ನಿಜವಾದ ನೂರನ್ನು ಎತ್ತದ ಹೊರತು ಆ ಮಂಡಿಯಲ್ಲಿ ನನಗೆ ನೆಮ್ಮದಿ ಇರಲಿಲ್ಲ.

ಹೊನ್ನಾಳಿ ಮುಟ್ಟಲು ಒಂದೂವರೆ ತಾಸು ಹಿಡಿಯಿತು. ಹೊಳೆಯ ಕಡೆಯಿಂದ ಬೀಸುವ ಗಾಳಿಯೂ ಬಿಸಿಯಾಗಿತ್ತು. ಪ್ಲೇಟು ಮಾರಿದ ಅಂಗಡಿಯವನು ಕೇರಂ ಬೋರ್ಡುಗಳ ನಡುವೆ ಕೂತಿದ್ದ. ತೂಕದ ಮಾತು ತೆಗೆದೆ.

"ಅದು ನಂಬರ್ ರೀ ಮೇಡಂ, ತೂಕ ಅಲ್ಲ."

"ಹಂಗಾದ್ರೆ ಕೆಜಿ ಅಂತ ಯಾಕೆ ಬರ್ದೈತೆ?"

"ಕಂಪ್ನಿಯೋರು ಬರೀತಾರೆ. ಮನೇಲಿ ಎತ್ತೋರು ಯಾರ್ರೀ ತೂಗಾಕೆ ಹೋಗ್ತಾರೆ?"

ನಮ್ಮಲ್ಲಿ ಮೂಟೆಗೆ ಎರಡು ಕಿಲೋ ಕಡಿಮೆ ಬಂದರೆ ಕೊರಳಪಟ್ಟಿ ಹಿಡಿಯುತ್ತಾರೆ. ಇವನು ಒಳಗಿನಿಂದ ಗುಲಾಬಿ ಬಣ್ಣದ ಎರಡು ಪುಟ್ಟ ಡಂಬೆಲ್ ತಂದು, "ಲೇಡೀಸ್‌ಗೆ ಇಷ್ಟು ಸಾಕ್ರಿ" ಎಂದ. ಹಣ ವಾಪಸ್ಸು ಕೊಡಲಿಲ್ಲ. ಗಂಟಲು ಹರಿಯುವಂತೆ ಬೈದು ಪ್ಲೇಟನ್ನು ಅವನ ಮೇಜಿನ ಮೇಲೇ ಕುಕ್ಕಿ ಬಂದೆ. ಪಕ್ಕದ ಚಹದಂಗಡಿಯವರಿಗೆ ನಮ್ಮ ಜಗಳವೆಲ್ಲ ಕೇಳಿಸಿತ್ತು. ನ್ಯಾಮತಿ ಕಡೆ ಒಂದು ಗರಡಿಯಲ್ಲಿ ಹಳೇ ಕಾಲದ ಪ್ಲೇಟುಗಳನ್ನು ಮಾರುತ್ತಿದ್ದಾರೆ, ಎರಕದ ಗಟ್ಟಿ ಮಾಲು ಎಂದು ಅವರೇ ಹೇಳಿದರು.

ನ್ಯಾಮತಿಯಲ್ಲಿ ಬಸ್ಸಿಳಿದು ಆಟೋ ಹಿಡಿದೆ. ಗರಡಿ ಎಂದರೆ ಒಂದೇ ಕೋಣೆ, ತಗ್ಗು ಬಾಗಿಲು, ಒಳಗೆ ಕೆಮ್ಮಣ್ಣಿನ ಅಖಾಡ. ಹುಡುಗರೆಲ್ಲ ಕನ್ನಡಿ ಇರುವ ಜಿಮ್ಮುಗಳಿಗೆ ಹೋದ ಮೇಲೆ ಅಲ್ಲಿ ಉಳಿದವರು ಕುಸ್ತಿ ಕಲಿಸುತ್ತಿದ್ದ ಅಜ್ಜ ಒಬ್ಬರೇ. ಬಾಗಿಲಿಂದಲೇ ಪ್ಲೇಟುಗಳು ಕಂಡವು. ದಪ್ಪ ಅಂಚು, ಉಬ್ಬು ಅಕ್ಷರ, ಹಿಡಿದು ಹಿಡಿದು ನುಣುಪಾದ ಮೈ. ನೋಡಿದರೇ ಆಸೆಯಾಗುತ್ತಿತ್ತು.

"ಯಾರಿಗೆ ಬೇಕಾಗಿತ್ತು? ಮಗನಿಗಾ?" ಎಂದು ಅಜ್ಜ ಕೇಳಿದರು.

"ನನಗೇ. ನಾನೇ ಎತ್ತಾಕೆ."

ಅಜ್ಜ ಬಾಗಿಲಿಗೆ ಅಡ್ಡ ನಿಂತರು. "ಹೆಣ್ಮಕ್ಳು ಈ ಹೊಸ್ತಿಲು ದಾಟಂಗಿಲ್ಲ. ಹನುಮಪ್ಪನ ಮುಂದಿಟ್ಟು ಪೂಜೆ ಮಾಡಿದ ಸಾಮಾನು. ನಿಮ್ಮ ಕೈಗೆ ಕೊಡಾಕೆ ಬರಲ್ಲ. ಜಗಳೂರಿನ ಗುಜರಿಯೋನಿಗೆ ಮಾತು ಕೊಟ್ಟಾಗೈತೆ."

"ಗುಜರಿಯೋರು ಕರಗಿಸಿಬಿಡ್ತಾರಲ್ಲ ಅಜ್ಜಾರೆ!"

"ಕರಗಿಸ್ಲಿ. ಅದು ಬೇರೆ."

ಬೆಂಕಿಗೆ ಹಾಕಿದರೆ ಮೈಲಿಗೆಯಿಲ್ಲ, ಹೆಂಗಸು ಮುಟ್ಟಿದರೆ ಮೈಲಿಗೆ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದನ್ನು ಕೇಳಿದ್ದೆ, ಅಂದು ಕಣ್ಣಾರೆ ಕಂಡೆ. ಚನ್ನಗಿರಿಗೆ ಮರಳುವ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಾ ಕೂತಿದ್ದೆ. ಬುತ್ತಿ ಬಿಚ್ಚಲೂ ಮನಸ್ಸಾಗಲಿಲ್ಲ.

ಮುಂದಿನ ರಜಾ ದಿನ ದಾವಣಗೆರೆ ಮೇಲೆ ಜಗಳೂರಿಗೆ ಹೋದೆ. ಸರಕಾರಿ ಬಸ್ಸು, ಹೆಂಗಸರಿಗೆ ಪುಕ್ಕಟೆ. ಆಚೀಚೆ ಬಯಲು, ಮೆಕ್ಕೆಜೋಳದ ಒಣಗಿದ ಕೂಳೆ, ಕಿಟಕಿಯಿಂದ ನುಗ್ಗುವ ಧೂಳು. ನಿಲ್ದಾಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಗುಜರಿ ಅಂಗಡಿ ಕೇಳುತ್ತಾ ನಡೆದೆ. ಮಾಲೀಕರು ಖಾದರ್ ಸಾಬ್. ಪ್ಲೇಟುಗಳು ಮುರಿದ ನೇಗಿಲು, ಮೋಟರು ಚಿಪ್ಪುಗಳ ನಡುವೆ ಬಿದ್ದಿದ್ದವು. ಅವನ್ನು ಒಯ್ಯುವ ಲಾರಿ ಅಂದು ಸಂಜೆಯೇ ಬರುವುದಿತ್ತು.

ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿಕೊಂಡೆ. ಅವರು ಹೊಟ್ಟೆ ಹಿಡಿದು ನಕ್ಕರು. "ಕಬ್ಬಿಣದಾಗೆ ಗಂಡು ಹೆಣ್ಣು ಎಲ್ಲೈತ್ರಿ ಅಕ್ಕಾ? ಎತ್ತೋರಿಗೆ ಕೊಡಾಕೆ ನನಗೇನು ತಕರಾರು? ಗುಜರಿ ರೇಟಿಗೇ ಒಯ್ರಿ."

ಇಪ್ಪತ್ತರ ನಾಲ್ಕು ಪ್ಲೇಟುಗಳನ್ನೂ ಗರಡಿಯ ಸರಳನ್ನೂ ಅವರ ತಕ್ಕಡಿಗೆ ಹಾಕಿದೆವು. ನೂರರ ಮೇಲೆ ಒಂದು ಕಿಲೋ ಕೊಸರು! ಎರಕ ಹೊಯ್ದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ. ಆ ರಾಶಿಯಲ್ಲೇ ಇದ್ದ ಚಿಕ್ಕ ಪ್ಲೇಟು ಹಾಕಿ ಮೈ ಬಿಸಿ ಮಾಡಿಕೊಂಡೆ. ಆಮೇಲೆ ನಾಲ್ಕನ್ನೂ ಏರಿಸಿ, ವೇಲು ಸೊಂಟಕ್ಕೆ ಕಟ್ಟಿ ಎಳೆದೆ. ಸರಳು ಮೊಣಕಾಲ ಹತ್ತಿರ ತಡೆಯಿತು, ನಡುಗಿತು, ಬಂತು. ಖಾದರ್ ಸಾಬ್ ವಿಡಿಯೋ ಮಾಡಿದ್ದರು. "ಅಜ್ಜಂಗೆ ಕಳಿಸ್ಲೇನ್ರಿ?" ಎಂದರು. "ಮೊದ್ಲು ಕಳಿಸ್ರಿ" ಎಂದೆ.

ಸ್ವಲ್ಪ ಹೊತ್ತಿಗೇ ಅವರ ಫೋನಿಗೆ ವಿಡಿಯೋ ಕರೆ ಬಂತು. ಅಜ್ಜ ನಮಸ್ಕಾರವನ್ನೂ ಹೇಳಲಿಲ್ಲ.

"ಅದು ಎತ್ತಿದಂಗಲ್ಲ. ಬೆನ್ನು ಕುಡುಗೋಲಿನಂಗೆ ಬಗ್ಗೈತೆ. ಲೆಕ್ಕಕ್ಕಿಲ್ಲ."

ಮೈಯೆಲ್ಲ ಉರಿದುಹೋಯಿತು. ಹೊನ್ನಾಳಿಯವನು ಒಂಬತ್ತು ಕದ್ದ, ಇವರು ನೂರನ್ನೇ ನುಂಗಲು ಕೂತರಲ್ಲ! ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜನೇ ಗದರಿದರು. "ನಿಂತು ನೋಡ್ತೀಯೇನು? ಹಿಮ್ಮಡಿ ಊರು. ಎದೆ ಎತ್ತು. ಉಸಿರು ಹೊಟ್ಟ್ಯಾಗ ಹಿಡಿ. ಈಗ ಎಳಿ!"

ಸಿಟ್ಟಿನಲ್ಲೇ ಅವರು ಹೇಳಿದಂತೆ ನಿಂತೆ. ಈ ಸಲ ಸರಳು ಎಲ್ಲೂ ತಡೆಯದೆ ಸೊಂಟಕ್ಕೆ ಬಂತು. ಇಳಿಸಿದೆ.

"ಈಗ ಆತು ನೂರು" ಎಂದರು ಅಜ್ಜ. ಕಣ್ಣು ತುಂಬಿ ಬಂತು, ಮುಚ್ಚಿಡುವುದೇಕೆ. ಆ ಮಾತನ್ನು ನಾನು ಮಂಡಿಯವರ ಬಾಯಿಂದ ಕೇಳಬೇಕೆಂದಿದ್ದೆ.

"ಹಂಗಾದ್ರೆ ಗರಡಿಗೆ ಯಾವಾಗ ಬರ್ಲಿ, ಅಜ್ಜಾರೆ?"

ಕರೆ ಕಟ್ಟಾಯಿತು. ನೆಟ್‌ವರ್ಕ್ ಹೋಗಿರಬೇಕು ಎಂದರು ಖಾದರ್ ಸಾಬ್. ನಾನು ಅಜ್ಜನ ನಂಬರು ಬರೆದುಕೊಂಡೆ. ಸಂಜೆಯ ಬಸ್ಸಿನಲ್ಲಿ ನನಗೆ ಪುಕ್ಕಟೆ ಚೀಟಿ, ಪ್ಲೇಟುಗಳ ಎರಡು ಗೋಣಿಚೀಲಕ್ಕೂ ಸರಳಿಗೂ ಲಗೇಜು ಚೀಟಿ. ಊರು ದಾಟುತ್ತಲೇ ಫೋನ್ ಮಾಡಿದೆ. ಮತ್ತೆ ಮತ್ತೆ ಮಾಡಿದ ಮೇಲೆ ಎತ್ತಿದರು.

"ಮೊದ್ಲು ನೂರಾ ಹತ್ತು ಎತ್ತಮ್ಮ. ಆಮೇಲೆ ನೋಡಾಣ."

"ಗಂಡು ಹುಡುಗ್ರು ಹೊಸ್ತಿಲು ದಾಟಾಕೆ ಎಷ್ಟು ಎತ್ತಬೇಕಿತ್ತು, ಅಜ್ಜಾರೆ?"

ಅಜ್ಜ ಈ ಸಲ ಕರೆ ಕಟ್ ಮಾಡಲಿಲ್ಲ. ನಾನೂ ಫೋನ್ ಇಡಲಿಲ್ಲ.