ಬಿಚ್ಚಿ ನೋಡದ ಪೆನ್ನು

ಊರಿಗೆಲ್ಲ ಆಕೆ ಪೆನ್ನಕ್ಕ. ವಕೀಲರೂ ಅಕ್ಕ ಅನ್ನುತ್ತಿದ್ದರು, ಆಕೆಗಿಂತ ಎಷ್ಟೋ ಹಿರಿಯರಾದ ನಿವೃತ್ತ ಮೇಷ್ಟ್ರೂ ಅಕ್ಕ ಅನ್ನುತ್ತಿದ್ದರು. ನಿಜವಾಗಿ ಹಾಗೆ ಕರೆಯುವ ಹಕ್ಕಿದ್ದವನು ಒಬ್ಬನೇ, ಒಡಹುಟ್ಟಿದ ತಮ್ಮ. ಈ ಕಥೆ ಹೇಳಬೇಕಾಗಿ ಬಂದದ್ದೂ ಆ ಮಹಾನುಭಾವನ ದೆಸೆಯಿಂದಲೇ.

ಅಂಗಡಿ ಇದ್ದದ್ದು ಕೋರ್ಟಿಗೂ ಕಾಲೇಜಿಗೂ ನಡುವಿನ ಬೀದಿಯಲ್ಲಿ, ಝೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ. ಇಬ್ಬರು ಗಿರಾಕಿಗಳು ಒಳಗೆ ಬಂದರೆ ಮೂರನೆಯವರು ಮೆಟ್ಟಿಲ ಮೇಲೆಯೇ ನಿಲ್ಲಬೇಕು, ಅಷ್ಟೇ ಜಾಗ. ಎದುರಿಗೆ ಫಳಫಳ ಹೊಳೆಯುವ ದೊಡ್ಡ ಅಂಗಡಿ ಇದ್ದರೂ ಜನ ಇಲ್ಲಿಗೇ ಬರುತ್ತಿದ್ದರು. ಯಾಕೆಂದರೆ ತಾನು ಬರೆದು ನೋಡದ ಪೆನ್ನನ್ನು ಪೆನ್ನಕ್ಕ ಮಾರುತ್ತಿರಲಿಲ್ಲ.

ಬರೆದು ನೋಡುವುದು ಅಂದರೆ ಸುಮ್ಮನೆ ಗೀಚುವುದಲ್ಲ ಸ್ವಾಮಿ, ಪೊಲೀಸರ ವಿಚಾರಣೆ ಅದು. ಮೊದಲು ರೂಪ. ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ, ಕ್ಲಿಪ್ಪು ಜೇಬನ್ನು ಕಚ್ಚಿ ಹಿಡಿಯುತ್ತದೆಯೇ, ಉಗುರಿನಿಂದ ಕೆರೆದರೆ ಬಣ್ಣ ಏಳುತ್ತದೆಯೇ? ಆಮೇಲೆ ಬರವಣಿಗೆ. ಅಕ್ಷರ ಬರೆಯುತ್ತಿರಲಿಲ್ಲ, ಸಾಲುದ್ದಕ್ಕೂ ಸೊನ್ನೆ ಸುತ್ತುತ್ತಿದ್ದಳು. "ಅಕ್ಷರಕ್ಕೆ ಮೂಲೆ ಇರುತ್ತೆ, ಪೆನ್ನು ಅಲ್ಲಿ ತಡವರಿಸಿದ್ರೂ ಗೊತ್ತಾಗಲ್ಲ. ಸೊನ್ನೇಲಿ ಎಲ್ಲಿ ಬಚ್ಚಿಟ್ಕೊಳ್ಳುತ್ತೆ?" ಎನ್ನುತ್ತಿದ್ದಳು. ಒಣಗುವ ಮುಂಚೆ ಹೆಬ್ಬೆರಳಿನಿಂದ ಉಜ್ಜುವಳು. ಶಾಯಿ ಹಿಂಬದಿಗೆ ಇಳಿದಿದೆಯೇ ಎಂದು ಹಾಳೆ ಮಗುಚುವಳು. ಮುಚ್ಚಳ ತೆಗೆದಿಟ್ಟು ಚಹಾ ಕುಡಿದು ಬಂದು ಮತ್ತೆ ಬರೆಯುವಳು. ಕಟ್ಟಕಡೆಗೆ ಪೆನ್ನಿನ ಹೊಟ್ಟೆ ಬಿಚ್ಚಿ ರೀಫಿಲ್ಲನ್ನು ಹೊರಗೆಳೆದು ಬೆಳಕಿಗೆ ಹಿಡಿಯುವಳು. ಇಷ್ಟೆಲ್ಲ ಪಾಸಾದರೆ ಆ ಸೊನ್ನೆಗಳ ಹಾಳೆ ಗಾಜಿನ ಪೆಟ್ಟಿಗೆಯೊಳಗೆ ಪೆನ್ನಿನ ಪಕ್ಕ ಕೂರುತ್ತಿತ್ತು. ಜನ ಪೆನ್ನು ನೋಡುತ್ತಿರಲಿಲ್ಲ, ಹಾಳೆ ಇದೆಯೇ ಎಂದು ನೋಡಿ ಕೊಳ್ಳುತ್ತಿದ್ದರು.

ಇನ್ನು ತಮ್ಮ. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವನನ್ನು ಸಾಕಿದವಳು ಇವಳೇ, ಅವನ ಪುಟ್ಟ ಕೈಯನ್ನು ತನ್ನ ಕೈಯೊಳಗೆ ಹಿಡಿದು ಮೊದಲ ಅಕ್ಷರ ತಿದ್ದಿಸಿದವಳೂ ಇವಳೇ. ಬಾಯಿ ಬೆಲ್ಲ, ಕೆಲಸ ಮಾತ್ರ ಯಾವುದೂ ನಿಲ್ಲದು. ಛತ್ರಿ ಮಾರಿದ, ಮೊಬೈಲ್ ಕವರ್ ಮಾರಿದ, ಎಲ್ಲವೂ ಅಷ್ಟಕ್ಕಷ್ಟೇ. ಕೊನೆಗೆ ಒಂದು ಶೆಡ್ಡು ಹಿಡಿದು, ಒಂದು ಕಡೆಯಿಂದ ಕವಚ, ಇನ್ನೊಂದು ಕಡೆಯಿಂದ ರೀಫಿಲ್ ತರಿಸಿ ಪೆನ್ನು ಜೋಡಿಸಲು ಕೂತ. ಮಾದರಿಗೆಂದು ಒಂದು ಪೆನ್ನನ್ನು ಅಕ್ಕನ ಮುಂದೆ ತಂದಿಟ್ಟ.

ರೋಲರ್‌ಬಾಲ್ ಪೆನ್ನು. ಮಬ್ಬು ನೀಲಿ ಮೈ, ನಡುವಿಗೆ ಸಣ್ಣ ಬೆಳ್ಳಿ ಬಣ್ಣದ ಬಳೆ, ಮುಚ್ಚಳ ಹಾಕಿದರೆ ಟಕ್ ಎಂದು ಕೂರುವ ಶಬ್ದ. ನೋಡಿದವರು ದುಬಾರಿ ಪೆನ್ನೆಂದೇ ತಿಳಿಯಬೇಕು. ಬೆಲೆ ಕೇಳಿದರೆ ಎರಡು ಚಹಾದ ದುಡ್ಡು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಆದರೆ ಇದು ಹೆಗ್ಗಣವೇ ಅಲ್ಲ, ನಿಜವಾಗಿಯೂ ಚೆಲುವೆ. ಪೆನ್ನಕ್ಕ ಸೊನ್ನೆ ಸುತ್ತಿದಳು. ಶಾಯಿ ನೀರಿನ ಹಾಗೆ ಹರಿಯಿತು, ಎಲ್ಲೂ ತಪ್ಪಲಿಲ್ಲ. ಉಜ್ಜಿದಳು, ಕಲಸಲಿಲ್ಲ. ಹಾಳೆ ಮಗುಚಿದಳು, ಇಳಿದಿರಲಿಲ್ಲ. ಚಹಾ ಕುಡಿದು ಬಂದು ಬರೆದಳು, ಮೊದಲ ಸೊನ್ನೆಯಿಂದಲೇ ಹರಿಯಿತು.

"ಅಯ್ಯೋ ನನ್ನ ರಾಜ!" ಎಂದು ತಮ್ಮನ ಕೆನ್ನೆ ಹಿಂಡಿದಳು. "ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ಯೋ ಈ ಬುದ್ಧೀನ?"

"ಇನ್ನೂ ಬಿಚ್ಚಿ ನೋಡ್ಲಿಲ್ವಲ್ಲಕ್ಕ. ನೋಡು, ಆಮೇಲೆ ಹೇಳು," ಎಂದ ತಮ್ಮ, ನಗುತ್ತ.

"ಥೂ, ನಿನ್ನ ಪೆನ್ನು ಬಿಚ್ಚಿ ನೋಡೋಕೆ ನಂಗೇನು ತಲೆ ಕೆಟ್ಟಿದ್ಯಾ? ಊರವರ ಪೆನ್ನು ಬಿಚ್ಚೋದು ಊರವರ ಮೇಲೆ ಅನುಮಾನ ಇರೋದಕ್ಕೆ ಕಣೋ."

ಆವತ್ತೇ ಹಾಳೆ ಗಾಜಿನೊಳಗೆ ಕೂತಿತು. ಡಬ್ಬಿಗಳು ಬಂದವು. ಮಾದರಿಯ ಪೆನ್ನನ್ನು ಆಕೆ ತನಗೇ ಇಟ್ಟುಕೊಂಡಳು. "ನಮ್ಮ ತಮ್ಮಂದು" ಎಂದು ಕೇಳಿದವರಿಗೂ ಹೇಳಿದಳು, ಕೇಳದವರಿಗೂ ಹೇಳಿದಳು. ಪೆನ್ನು ಬಿಸಿ ದೋಸೆಯ ಹಾಗೆ ಖರ್ಚಾಯಿತು.

ಮೊದಲು ಬಂದವರು ಕರಿಕೋಟಿನ ವಕೀಲರು. ಬಿಳಿ ಅಂಗಿಯ ಜೇಬಿನ ಕೆಳಗೆ ಅಂಗೈಯಗಲ ನೀಲಿ. "ಪೆನ್ನಕ್ಕ, ನಿಮ್ಮ ತಮ್ಮ ನನ್ನ ಎದೆಗೇ ಕೈ ಹಾಕಿದ್ನಲ್ರೀ!" ಎಂದು ನಕ್ಕರು. ಒಂದು ಕೆಟ್ಟಿರಬಹುದು ಎಂದು ಬದಲಿ ಕೊಟ್ಟಳು. ಆಮೇಲೆ ಆಸ್ಪತ್ರೆಯ ನರ್ಸಮ್ಮ ಬಂದಳು, ಆಕೆ ನಗಲಿಲ್ಲ. ವಾರ್ಡಿಗೆಂದು ಡಬ್ಬಿಯನ್ನೇ ಒಯ್ದಿದ್ದಳು; ಬರೆಯುತ್ತ ಬರೆಯುತ್ತಲೇ ಒಂದೊಂದಾಗಿ ಉಸಿರು ನಿಲ್ಲಿಸಿದ್ದವು. ಕಡೆಗೆ ಬಂದವಳು ಕಾಲೇಜಿನ ಹುಡುಗಿ, ನೇರ ಪರೀಕ್ಷೆಯಿಂದ. ಅಂಗೈ, ಬೆರಳು, ಉಗುರಿನ ಸಂದಿ ಎಲ್ಲ ನೀಲಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

"ಅಕ್ಕ, ಇದನ್ನ ನೀವು ಬರೆದು ನೋಡಿದ್ರಾ?" ಎಂದು ಮಾತ್ರ ಕೇಳಿದಳು.

ಹೂಂ ಅಂದರೆ ನಿಜ, ಆದರೂ ಸುಳ್ಳು. ಪೆನ್ನಕ್ಕನ ಕಣ್ಣು ಗಾಜಿನೊಳಗಿನ ಹಾಳೆಯತ್ತ ಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಷ್ಟು ವರ್ಷ ಆಕೆ ಮಾರಿದ್ದು ಪೆನ್ನನ್ನಲ್ಲ, ಆ ಹಾಳೆಯನ್ನು.

ಹುಡುಗಿ ಹೋದ ಮೇಲೆ ಡಬ್ಬಿಯಿಂದ ಒಂದು ಪೆನ್ನು ತೆಗೆದು ಬಿಚ್ಚಿದಳು. ಸಪೂರ, ಅಗ್ಗದ ರೀಫಿಲ್, ಕವಚದೊಳಗೆ ಅಲ್ಲಾಡದಿರಲೆಂದು ಬುಡಕ್ಕೆ ಕಾಗದದ ಚೂರು ಸುತ್ತಿ ತುರುಕಿದ್ದರು. ಆಮೇಲೆ ತಾನು ದಿನಾ ಬರೆಯುತ್ತಿದ್ದ ಮಾದರಿಯ ಪೆನ್ನನ್ನು ಬಿಚ್ಚಿದಳು. ಅದರೊಳಗೆ ದಪ್ಪನೆಯ, ಲೋಹದ, ದುಬಾರಿ ರೀಫಿಲ್. ಮೇಲಿದ್ದ ಕಂಪನಿಯ ಹೆಸರನ್ನು ಬ್ಲೇಡಿನಿಂದ ನೀಟಾಗಿ ಕೆರೆದು ತೆಗೆದಿದ್ದರು. ಎರಡನ್ನೂ ಗಾಜಿನ ಮೇಲೆ ಅಕ್ಕಪಕ್ಕ ಮಲಗಿಸಿದಳು.

ಫೋನು ಮಾಡಿದ್ದಕ್ಕೆ ತಮ್ಮ ಬಂದ. ಗಾಜಿನ ಮೇಲೆ ಮಲಗಿದ್ದ ಎರಡನ್ನೂ ನೋಡಿದ, ಮುಖ ಪೆಚ್ಚಾಯಿತು.

"ಸ್ಯಾಂಪಲ್ ಅಂದ್ರೆ ಸ್ವಲ್ಪ ಹಾಗೇನೇ ಅಕ್ಕ, ಎಲ್ಲರೂ ಮಾಡ್ತಾರೆ. ಮೊದಲನೇ ಸರಕು ಹೇಗಾದ್ರೂ ಖರ್ಚಾದ್ರೆ ಮುಂದಿಂದು ಒಳ್ಳೇದೇ ಹಾಕೋಣ ಅಂತಿದ್ದೆ."

"ಬೇರೆ ಅಂಗಡಿಗಳಿಗೂ ಇದೇ ಸ್ಯಾಂಪಲ್ಲು ಕೊಟ್ಯಾ?"

"ಎದುರುಗಡೆಯವರಿಗೆ ಮೊದಲೇ ತೋರಿಸಿದ್ದೆ. ತಗೊಳ್ಲಿಲ್ಲ."

"ಯಾಕಂತೆ?"

ತಮ್ಮ ನೆಲ ನೋಡಿದ. "ಬಿಚ್ಚಿ ನೋಡಿದ್ರು."

ಅಲ್ಲಿಗೆ ಎಲ್ಲ ತಿಳಿದಂತಾಯಿತು. ಎದುರಂಗಡಿಯವರು ಬೇಡವೆಂದದ್ದನ್ನು ಹೊತ್ತು ಅವನು ಅಕ್ಕನ ಬಾಗಿಲಿಗೆ ಬಂದದ್ದು ಪ್ರೀತಿಗಲ್ಲ. ಇಡೀ ಬೀದಿಯಲ್ಲಿ ತನ್ನ ಪೆನ್ನನ್ನು ಬಿಚ್ಚದವಳು ಇವಳೊಬ್ಬಳೇ ಎಂದು. "ಬಿಚ್ಚಿ ನೋಡು" ಎಂದು ಅವನು ನಕ್ಕದ್ದು ಆಕೆಗೆ ಆಗ ನೆನಪಾಯಿತು. ಬೇರೆಯವರು ಮೋಸ ಮಾಡಿದ್ದರೆ ಬೈದು ಕೈತೊಳೆದುಕೊಳ್ಳಬಹುದಿತ್ತು. ಇವನು ಆಕೆಯ ಅಕ್ಕರೆಯನ್ನೇ ಅಳತೆ ಹಾಕಿ ನೋಡಿ, ಅದರೊಳಗೆ ಕಳ್ಳ ಸರಕು ತುರುಕಿದ್ದ.

"ಹೋಗು," ಎಂದಳು. ಅವನು ಹೋದ.

ಬಂದವರಿಗೆಲ್ಲ ಬೇರೆ ಪೆನ್ನು ಕೊಟ್ಟಳು, ಗಾಜಿನೊಳಗಿನ ಆ ಹಾಳೆ ಕಿತ್ತು ಹರಿದಳು. ವಕೀಲರು ಹಿಂದಿನ ಹಾಗೆಯೇ ಬಂದರು. ನರ್ಸಮ್ಮ ಎದುರಂಗಡಿಗೆ ಹೋದಳು. ಮಿಕ್ಕ ಗಿರಾಕಿಗಳು ಬರುತ್ತಿದ್ದರು, ಆದರೆ ಈಗ ಹಾಳೆ ನೋಡಿಯೂ "ಒಂದು ಸಲ ನಾವೂ ಬರೆದು ನೋಡ್ತೀವಿ" ಎನ್ನುತ್ತಿದ್ದರು. ಪೆನ್ನಕ್ಕ ಕಾಗದ ಸರಿಸುತ್ತಿದ್ದಳು. ಅದು ಪ್ರತಿ ಸಲವೂ ನೋಯುತ್ತಿತ್ತು.

ಹಲವು ತಿಂಗಳ ಮೇಲೆ ತಮ್ಮ ಮತ್ತೆ ಬಂದು ಮೆಟ್ಟಿಲ ಮೇಲೆ ನಿಂತ. ಸೊರಗಿದ್ದ, ಕೈಯಲ್ಲೊಂದು ಪೆನ್ನಿನ ಡಬ್ಬಿ. ಅದೇ ನೀಲಿ ಪೆನ್ನನ್ನು ಗಾಜಿನ ಮೇಲಿಟ್ಟ.

"ಅಕ್ಕ, ನಿನ್ನಾಣೆ, ಈ ಸಲ ಡಬ್ಬೀಲೂ ಇದೇ ಇದೆ. ನೀನು ಬರೆದು ನೋಡು, ಸಾಕು."

ಆಕೆ ಮುಚ್ಚಳ ನೋಡಿದಳು, ಕ್ಲಿಪ್ಪು ನೋಡಿದಳು, ಉಗುರಿನಿಂದ ಕೆರೆದಳು. ಸಾಲುದ್ದಕ್ಕೂ ಸೊನ್ನೆ ಸುತ್ತಿದಳು. ಉಜ್ಜಿದಳು, ಮಗುಚಿದಳು, ಅವನಿಗೆ ಕೂರು ಎನ್ನದೆ ಚಹಾ ಕುಡಿದು ಬಂದು ಮತ್ತೆ ಬರೆದಳು. ಆಮೇಲೆ ಡಬ್ಬಿಯ ತಳದಿಂದ ತಾನೇ ಇನ್ನೊಂದು ಪೆನ್ನು ಆರಿಸಿ, ಎರಡರ ಹೊಟ್ಟೆಯನ್ನೂ ತಿರುಗಿಸಿ ಬಿಚ್ಚಿ, ರೀಫಿಲ್ಲುಗಳನ್ನು ಬೆಳಕಿಗೆ ಹಿಡಿದಳು. ಎರಡೂ ಒಂದೇ. ಈ ಸಲ ಅವನು ಸುಳ್ಳು ಹೇಳಿರಲಿಲ್ಲ.

ತಮ್ಮನ ಕಣ್ಣು ಮಾತ್ರ ರೀಫಿಲ್ಲಿನ ಮೇಲಿರಲಿಲ್ಲ, ಬಿಚ್ಚುತ್ತಿದ್ದ ಆ ಕೈಗಳ ಮೇಲಿತ್ತು. "ನಂದನ್ನೂ ಬಿಚ್ಚಿ ನೋಡಿಬಿಟ್ಯಲ್ಲಕ್ಕ," ಎಂದ.

"ಪೆನ್ನು ಚೆನ್ನಾಗಿದೆ, ಮಾರ್ತೀನಿ," ಎಂದಳು ಪೆನ್ನಕ್ಕ, ರೀಫಿಲ್ಲುಗಳನ್ನು ಒಳಗಿಟ್ಟು ತಿರುಗಿಸುತ್ತ. "ಡಬ್ಬಿ ಅಲ್ಲಿಟ್ಟು ಹೊರಗೆ ನಿಂತ್ಕೊಳ್ಳಿ. ಗಿರಾಕಿ ಬಂದಿದ್ದಾರೆ."

ಹುಟ್ಟಿದಾಗಿನಿಂದ ಆಕೆ ಅವನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.